ಇರಾನನ್ನು ರಸ್ತೆಯಿಂದ ನೋಡುವ ಬಗೆ

ಮಾನ್ಯರೇ,

ಟರ್ಕಿಯ ಗಡಿಯಿಂದ ಶಿರಾಜ್‌ವರೆಗೆ ಬಸ್ಸು, ರೈಲುಗಳಲ್ಲಿ ಇರಾನನ್ನು ದಾಟಿದ ಪ್ರವಾಸಲೇಖನವೊಂದನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದಕ್ಕೆ ನೀವು ಎರಡು ಆಕ್ಷೇಪಗಳನ್ನು ಬರೆದಿದ್ದೀರಿ. ಒಂದೇ ಮತ, ಒಂದೇ ಭಾಷೆಯ, ಬರೀ ಮರಳೇ ತುಂಬಿದ ಅರಬ್ ದೇಶವೊಂದರಲ್ಲಿ ಇಷ್ಟು ವೈವಿಧ್ಯವನ್ನು ಕಾಣಲು ಸಾಧ್ಯವೇ ಎಂಬುದು ಮೊದಲನೆಯದು. ಹೆಂಗಸರ ತಲೆಯ ಮೇಲೆ ಕಾನೂನಿನ ಬಟ್ಟೆ ಹೊದಿಸುವ ದೇಶಕ್ಕೆ ಹೋಗುವುದೆಂದರೆ ಅಲ್ಲಿನ ಆಡಳಿತವನ್ನು ಒಪ್ಪಿದಂತೆ ಎಂಬುದು ಎರಡನೆಯದು.

ಮೊದಲ ಆಕ್ಷೇಪಕ್ಕೆ ಆ ದಾರಿಯೇ ಉತ್ತರ ಕೊಡುತ್ತದೆ. ಬಜರ್ಗಾನ್ ಗಡಿ ದಾಟಿ ತಬ್ರೀಜ್ ಕಡೆಗೆ ಹೊರಟವರ ಕಿವಿಗೆ ಮೊದಲು ಬೀಳುವುದು ಅರಬ್ಬಿಯಲ್ಲ, ಪಾರಸಿಯೂ ಅಲ್ಲ, ಅಜರ್‌ಬೈಜಾನಿ ತುರ್ಕಿ. ಪಶ್ಚಿಮದ ಸನಂದಜ್‌ನಲ್ಲಿ ಕುರ್ದಿ, ಆಗ್ನೇಯದ ಜಾಹೇದಾನ್‌ನಲ್ಲಿ ಬಲೂಚಿ ಕೇಳಿಸುತ್ತದೆ. ಅರಬ್ಬಿ ಮನೆಮಾತಾಗಿರುವುದು ಮುಖ್ಯವಾಗಿ ನೈಋತ್ಯದ ಖುಜೆಸ್ತಾನದಲ್ಲಿ ಮತ್ತು ಪರ್ಷಿಯನ್ ಕೊಲ್ಲಿಯ ತೀರದಲ್ಲಿ. ಮರಳಿನ ಮಾತೂ ಹಾಗೆಯೇ. ದೇಶದ ನಡುವೆ ಮತ್ತು ಪೂರ್ವಕ್ಕೆ ಕವೀರ್, ಲೂತ್ ಎಂಬ ದೊಡ್ಡ ಮರುಭೂಮಿಗಳಿರುವುದು ನಿಜವೇ ಆದರೂ, ಎಲ್ಬುರ್ಜ್ ಪರ್ವತಸಾಲನ್ನು ಉತ್ತರಕ್ಕೆ ದಾಟಿದರೆ ಕ್ಯಾಸ್ಪಿಯನ್ ತೀರದ ಗೀಲಾನ್ ಪ್ರಾಂತ್ಯದಲ್ಲಿ ಭತ್ತದ ಗದ್ದೆಗಳೂ ಲಾಹಿಜಾನ್‌ನ ಚಹಾ ತೋಟಗಳೂ ಎದುರಾಗುತ್ತವೆ. ಇಸ್ಫಹಾನ್‌ನಲ್ಲಿ ನದಿಯ ದಕ್ಷಿಣಕ್ಕಿರುವ ಹೊಸ ಜುಲ್ಫಾ, ಹದಿನೇಳನೆಯ ಶತಮಾನದ ಆರಂಭದಲ್ಲಿ ಶಾ ಅಬ್ಬಾಸ್ ಬಲವಂತವಾಗಿ ಕರೆತಂದ ಅರ್ಮೇನಿಯನ್ನರ ಬಡಾವಣೆ. ಅಲ್ಲಿನ ವಾಂಕ್ ಚರ್ಚಿನ ಗೋಡೆಗಳ ತುಂಬ ಬೈಬಲ್ಲಿನ ಚಿತ್ರಗಳಿವೆ. ಯಜ್ದ್‌ನಲ್ಲಿ ಜರತುಷ್ಟ್ರರ, ಎಂದರೆ ನಮ್ಮ ಪಾರ್ಸಿಗಳ ಮತದವರ, ಅಗ್ನಿಮಂದಿರ ಇಂದಿಗೂ ನಡೆಯುತ್ತಿದೆ. ಸಂಸತ್ತಿನ 290 ಸ್ಥಾನಗಳಲ್ಲಿ ಐದು ಅರ್ಮೇನಿಯನ್, ಅಸ್ಸೀರಿಯನ್, ಯಹೂದಿ ಮತ್ತು ಜರತುಷ್ಟ್ರ ಸಮುದಾಯಗಳಿಗೆ ಮೀಸಲಾಗಿವೆ. ಬಹಾಯಿ ಮತದವರಿಗೆ ಮಾತ್ರ ಅಂಥ ಮಾನ್ಯತೆಯಿಲ್ಲ, ಅವರು ಕಿರುಕುಳ ಅನುಭವಿಸುತ್ತಲೇ ಇದ್ದಾರೆ. ವೈವಿಧ್ಯವಿದೆ ಎಂದು ಹೇಳುವವರು ಇದನ್ನೂ ಹೇಳಲೇಬೇಕು.

ವಿಮಾನದಲ್ಲಿ ಟೆಹ್ರಾನಿಗೆ ಇಳಿದವರಿಗೆ ಇವೆಲ್ಲ ಒಂದಾದ ಮೇಲೊಂದರಂತೆ ಎದುರಾಗುವುದಿಲ್ಲ. ನಾಲ್ಕು ಜನ ಹಂಚಿಕೊಂಡು ಹೋಗುವ ಬಾಡಿಗೆ ಕಾರಿನಲ್ಲಿ ಒಂದೂರಿಂದ ಇನ್ನೊಂದೂರಿಗೆ ಹೋಗುವಾಗ ಪಕ್ಕದವರು ತಮ್ಮ ಬುತ್ತಿಯನ್ನು ಮುಂದೆ ಚಾಚುತ್ತಾರೆ. ಇಳಿಯುವಾಗ ಚಾಲಕ ಹಣ ಬೇಡವೆನ್ನುತ್ತಾನೆ. ಅದು ತಾರೋಫ್ ಎಂಬ ಉಪಚಾರದ ರೀತಿ. ಮತ್ತೆ ಮತ್ತೆ ಒತ್ತಾಯಿಸಿ ಕೊಡಬೇಕು, ಕೊಡದೆ ಇಳಿದು ಹೋಗಬಾರದು.

ಎರಡನೆಯ ಆಕ್ಷೇಪವನ್ನು ಅಷ್ಟು ಸುಲಭವಾಗಿ ಬದಿಗಿಡಲಾಗದು, ಇಡುವ ಇಚ್ಛೆಯೂ ನಮಗಿಲ್ಲ. ತಲೆವಸ್ತ್ರದ ಕಾನೂನು ವಿದೇಶಿ ಮಹಿಳೆಯರಿಗೂ ಅನ್ವಯಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ, ಅದೇ ಕಾನೂನಿನ ಹೆಸರಿನಲ್ಲಿ ಬಂಧಿತಳಾದ ಮಹ್ಸಾ ಅಮೀನಿ ಎಂಬ ಇಪ್ಪತ್ತೆರಡರ ಕುರ್ದಿ ಯುವತಿ ಸತ್ತಾಗ ದೇಶದ ಉದ್ದಗಲಕ್ಕೂ ಜನ ಬೀದಿಗಿಳಿದರು, ನೂರಾರು ಮಂದಿ ಪ್ರಾಣ ಕಳೆದುಕೊಂಡರು. ಆ ಬೀದಿಗಿಳಿದವರೂ ಇರಾನೇ. ಆಳುವವರ ತಪ್ಪಿಗೆ ಆಳಿಸಿಕೊಳ್ಳುವವರನ್ನು ದೂರವಿಟ್ಟರೆ, ತಾವೇ ಇಡೀ ದೇಶ ಎಂಬ ಆಳುವವರ ವಾದವನ್ನೇ ನಾವು ಒಪ್ಪಿದಂತಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆಂದು, ಆ ಕಾನೂನಿಗೆ ತಲೆಬಾಗಲು ಮನಸ್ಸಿಲ್ಲದೆ ಅಲ್ಲಿಗೆ ಹೋಗುವುದನ್ನೇ ಬಿಟ್ಟ ಮಹಿಳೆಯೊಡನೆ ವಾದಿಸಲು ನನ್ನಲ್ಲಿ ಯಾವ ಮಾತೂ ಇಲ್ಲ.

ಲೇಖನ ಓದಿ ಯಾರಾದರೂ ಈಗಲೇ ಹೊರಟುಬಿಟ್ಟರೆ ಎಂಬ ನಿಮ್ಮ ಆತಂಕ ನ್ಯಾಯವಾದದ್ದು. 2025ರ ಜೂನ್‌ನಲ್ಲಿ ಇಸ್ರೇಲಿನೊಡನೆ ಹನ್ನೆರಡು ದಿನ ನಡೆದ ಯುದ್ಧದಲ್ಲಿ ವಾಯುಮಾರ್ಗ ಮುಚ್ಚಿಹೋಗಿ, ಉರ್ಮಿಯಾದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳನ್ನು ರಸ್ತೆಯ ಮೂಲಕವೇ ಅರ್ಮೇನಿಯಾಕ್ಕೆ ಸಾಗಿಸಬೇಕಾಯಿತು. ಭಾರತೀಯರಿಗೆ 2024ರಲ್ಲಿ ದೊರೆತಿದ್ದ ವೀಸಾ ವಿನಾಯಿತಿ ವಿಮಾನದಲ್ಲಿ ಬರುವವರಿಗಷ್ಟೇ ಇತ್ತು. 2025ರ ನವೆಂಬರ್‌ನಲ್ಲಿ ಅದೂ ನಿಂತಿತು. ಇರಾನಿನ ಮೇಲಿರುವ ಆರ್ಥಿಕ ನಿರ್ಬಂಧಗಳಿಂದಾಗಿ ಹೊರಗಿನ ಬ್ಯಾಂಕ್ ಕಾರ್ಡುಗಳು ಅಲ್ಲಿ ಕೆಲಸ ಮಾಡುವುದಿಲ್ಲ; ಇಡೀ ಪ್ರಯಾಣದ ಖರ್ಚನ್ನು ನಗದಾಗಿಯೇ ಒಯ್ಯಬೇಕು. ಆದ್ದರಿಂದ ವಿದೇಶಾಂಗ ಸಚಿವಾಲಯದ ಸೂಚನೆ ಹೋಗಬೇಡಿ ಎನ್ನುತ್ತಿರುವವರೆಗೆ ಯಾರೂ ಹೊರಡಬಾರದು. ನಿಮ್ಮ ಪತ್ರವನ್ನು ಈ ಉತ್ತರದ ಜೊತೆಗೇ, ಒಂದು ಸಾಲನ್ನೂ ಬಿಡದೆ, ಪ್ರಕಟಿಸಿದ್ದೇವೆ.

— ಸಂಪಾದಕ