ಬೈಲಾದಾಗ ಸ್ವಾಯತ್ತತೆ ಬರೆಸಿಕೊಂಡ್ರೆ ಸಾಕೇನ್ರಿ?

ಅನುದಾನದ ರಂಗಸಂಸ್ಥೆಗೆ ಬೈಲಾದಾಗ, ಅಂದ್ರ ಸಂಸ್ಥೆಯ ಒಳನಿಯಮದಾಗ, ಆರ್ಥಿಕ ಸ್ವಾಯತ್ತತೆ (ರೊಕ್ಕದ ನಿರ್ಧಾರ ತಾವೇ ಮಾಡೋ ಹಕ್ಕು) ಬರೆಸಿಕೊಂಡ್ರೆ ಸಾಕಾ ಅಂತ ಕೇಳೀರಿ. ನಮ್ಮ ಬೈಲಾದ ಮೊದಲನೇ ಪುಟದಾಗೇ ಆ ಪದ ಇತ್ರಿ.

ಕಲಬುರಗಿಯೊಳಗ ಒಂದು ನಾಟಕ ತಂಡದ ಲೆಕ್ಕ ನಾ ನೋಡ್ತಿದ್ದೆ. ಕಲಾವಿದರ ಪಗಾರಕ್ಕ ಕೇಂದ್ರದ ಅನುದಾನ. ಒಂದು ಮಾರ್ಚ್‌ನಾಗ, ಶರಣಬಸವೇಶ್ವರರ ಜಾತ್ರಿ ಹೊತ್ತಿಗೆ, ಎಸ್.ಎಂ. ಪಂಡಿತ ರಂಗಮಂದಿರದಾಗ ನಾಕು ಪ್ರಯೋಗ ಹಾಕಿದ್ವಿ. 50 ರೂಪಾಯಿ ಟಿಕೆಟ್. ಬಿಸ್ಕಿಟ್ ಡಬ್ಬಿ ತುಂಬ ಬೆವರಿಗೆ ಅಂಟಿಕೊಂಡ ನೋಟು, ಎಣಿಸಿದ್ರ 86,400. ಆ ರೊಕ್ಕದಾಗ ಸ್ವಂತ ಡಿಮ್ಮರ್ (ರಂಗದ ಲೈಟಿನ ಬೆಳಕು ಹೆಚ್ಚು-ಕಮ್ಮಿ ಮಾಡೋ ಯಂತ್ರ) ತಗೊಳ್ಳೋದಂತ ಠರಾವೂ ಆಯ್ತು.

ನಾ ಮಾಡಿದ ತಪ್ಪು ಇಷ್ಟೇ: ಅದನ್ನ ಅನುದಾನದ ಖಾತೆಗೇ ಜಮಾ ಮಾಡಿದೆ. ಇನ್ನೊಂದು ಖಾತೆ ತೆಗೀಲಿಕ್ಕೆ ಠರಾವಿನ ನಕಲು ಬೇಕು, ಮೂವರ ಸಹಿ ಬೇಕು. ಆ ಬಿಸಲಾಗ ಯಾರು ತಿರುಗ್ಯಾರು? ಮಾರ್ಚ್ 31ಕ್ಕ ಪಾಸ್‌ಬುಕ್ಕಿನಾಗ ಇದ್ದ ಆಖೈರು ಶಿಲ್ಕನ್ನೇ ಬಳಕೆ ಪ್ರಮಾಣಪತ್ರದಾಗ (ಅನುದಾನ ಹೆಂಗ ಖರ್ಚಾತು ಅಂತ ಸರ್ಕಾರಕ್ಕ ಬರಕೊಡೋ ಪತ್ರ), 'ಖರ್ಚಾಗದ ಬಾಕಿ' ಅನ್ನೋ ಕಡೆ ಬರದೆ. ಅಂದ್ರ ಟಿಕೆಟ್ ರೊಕ್ಕಾನ ಸರ್ಕಾರದ್ದು ಅಂತ ನಾನೇ ಬರಕೊಟ್ಟಂಗ. ಮುಂದಿನ ಕಂತಿನಾಗ ಅಷ್ಟೂ ಮುರಕೊಂಡ್ರು. ಕೇಳಲಿಕ್ಕೆ ಹೋದ್ರ, "ಸಹಿ ನಿಮ್ದೇ ಅದ ಅಲ್ರಿ" ಅಂದ್ರು. ಹೌದು, ನಂದೇ.

ಬೈಲಾ ಬಿಡ್ರಿ, ಅನುದಾನದ ಮಂಜೂರಾತಿ ಆದೇಶ ಓದ್ರಿ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳೊಳಗ 230ನೇ ನಿಯಮದ ಪ್ರಕಾರ ಅನುದಾನದ ಮ್ಯಾಲ ಬಂದ ಬಡ್ಡಿ ಸೈತ ಸಂಚಿತ ನಿಧಿಗೆ, ಅಂದ್ರ ಕೇಂದ್ರ ಸರ್ಕಾರದ ಖಜಾನಿಗೆ, ವಾಪಸ್ ಕಟ್ಟಬೇಕು. ಅವೇ ನಿಯಮಗಳು ಸ್ವಾಯತ್ತ ಸಂಸ್ಥೆಗಳಿಗೆ ಸ್ವಂತ ಆದಾಯ ಹೆಚ್ಚಿಸ್ಕೊಳ್ರಿ ಅಂತಲೂ ಹೇಳ್ತಾವ! ಗಳಿಸಿದಷ್ಟೂ ಅನುದಾನ ಕಡಿತ ಆದ್ರ ಗಳಿಸೋದ್ಯಾಕ? ಸ್ವಂತ ಆದಾಯ ಕಡಿತ ಮಾಡೂದಿಲ್ಲ ಅಂತ ಆದೇಶದಾಗೇ ಬರೆಸಿಕೊಳ್ರಿ. ಖಾತೆ ಮಾತ್ರ ಮೊದಲನೇ ಟಿಕೆಟ್ ಹರಿಯೋಕಿಂತ ಮುಂಚೇನೇ ಬ್ಯಾರೆ ಮಾಡ್ರಿ.

ಕಾಯ್ದೆ ಒಂದಿದ್ರ ಸಾಕು ಅನ್ನೋರು ಗ್ರಂಥಾಲಯ ಕರ ನೋಡ್ರಿ. ನಮ್ಮ ರಾಜ್ಯದ 1965ರ ಕಾಯ್ದೆ, ಆಸ್ತಿ ತೆರಿಗಿ ಮ್ಯಾಲ 6%, ಹೆಸರಿಗೆ ಗ್ರಂಥಾಲಯದ್ದೇ ರೊಕ್ಕ. ಆದ್ರ ವಸೂಲಿ ಮಾಡೋ ಕೈ ಬ್ಯಾರೆ, ಸ್ಥಳೀಯ ಸಂಸ್ಥೆಗಳದ್ದು, ಅದಕ್ಕೇ ಗ್ರಂಥಾಲಯಕ್ಕ ಬರಬೇಕಾದ್ದು ಬಾಕಿ ಉಳೀತದ.

ನಮ್ಮ ತಂಡದ್ದು ಇವತ್ತಿಗೂ ಬಾಡಿಗಿ ಡಿಮ್ಮರೇ. ಲೈಟಿನ ಹುಡುಗ ಪ್ರತಿ ಪ್ರಯೋಗಕ್ಕೂ ಬಾಡಿಗಿ ಚೀಟಿ ನನ್ನ ಕೈಗೇ ಕೊಡ್ತಾನ.