ದುಬೈಯಲ್ಲಿ ಕಂಪನಿ ಮಾಡದೆ ಅಲ್ಲೊಬ್ಬ ಸೇಲ್ಸ್‌ಮನ್ ಇಟ್ಟುಕೊಳ್ಳಬಹುದೆ?

ಬಳ್ಳಾರಿಯಲ್ಲಿ ಜೀನ್ಸ್ ಯುನಿಟ್ ಇದೆ, ದೇರಾದ ಹೋಲ್‌ಸೇಲ್ ಅಂಗಡಿಗಳಿಂದ ಆರ್ಡರ್ ಹಿಡಿಯಲು ದುಬೈಯಲ್ಲಿ ಒಬ್ಬ ಹುಡುಗ ಬೇಕು, ಆದರೆ ಅಲ್ಲಿ ಕಂಪನಿ ಮಾಡುವಷ್ಟು ವ್ಯಾಪಾರ ಇನ್ನೂ ಇಲ್ಲ ಎಂದು ಕೇಳಿದ್ದೀರಿ. ಇಟ್ಟುಕೊಳ್ಳಬಹುದು. ಆ ವ್ಯವಸ್ಥೆಗೆ ಎಂಪ್ಲಾಯರ್ ಆಫ್ ರೆಕಾರ್ಡ್, ಅಂದರೆ ಇಒಆರ್ ಎನ್ನುತ್ತಾರೆ. ಅಲ್ಲಿ ಲೈಸೆನ್ಸ್ ಇರುವ ಕಂಪನಿಯೊಂದು ಹುಡುಗನನ್ನು ತನ್ನ ನೌಕರನೆಂದು ತೋರಿಸಿ ವೀಸಾ, ವರ್ಕ್ ಪರ್ಮಿಟ್, ಸಂಬಳ ಎಲ್ಲ ನೋಡಿಕೊಳ್ಳುತ್ತದೆ. ಕೆಲಸ ಹೇಳುವವರು ನೀವು, ತಿಂಗಳ ಬಿಲ್ ಕಟ್ಟುವವರೂ ನೀವು. ಇದರಿಂದ ನೌಕರಿಯ ಕಾಗದ ಸರಿಯಾಗುತ್ತದೆಯೇ ಹೊರತು ವ್ಯಾಪಾರದ ಲೈಸೆನ್ಸ್ ಸಿಗುವುದಿಲ್ಲ. ಪೆಟ್ಟು ಬೀಳುವುದು ಇಲ್ಲಿಯೇ, ಅದಕ್ಕೇ ಮೊದಲು ಅದನ್ನೇ ಹೇಳುತ್ತೇನೆ.

ಹುಡುಗ ಸ್ಯಾಂಪಲ್ ತೋರಿಸಬಹುದು, ಗಿರಾಕಿಯ ಬೇಡಿಕೆ ತಿಳಿದು ನಿಮಗೆ ಕಳಿಸಬಹುದು. ಆದರೆ ನಿಮ್ಮ ಹೆಸರಿನಲ್ಲಿ ಮಾಲು ಇಳಿಸಿ, ಗೋದಾಮಿನಲ್ಲಿಟ್ಟು, ಅಲ್ಲಿಂದಲೇ ಬಿಲ್ ಹಾಕಲು ಬರುವುದಿಲ್ಲ. ಇಂಪೋರ್ಟ್ ಆಗಬೇಕಾದ್ದು ಕೊಳ್ಳುವವನ ಲೈಸೆನ್ಸ್ ಮೇಲೆ. ಇನ್ನೊಂದು: ದರ, ಪೀಸ್ ಎಷ್ಟು, ಉದ್ರಿ ಎಷ್ಟು ದಿನ ಎಂಬುದನ್ನೆಲ್ಲ ಅವನೇ ಮುಗಿಸಿ, ನೀವು ಬಳ್ಳಾರಿಯಲ್ಲಿ ಕೂತು ಬರೀ ಸಹಿ ಹಾಕುತ್ತಿದ್ದರೆ, ಅವನ ಮೂಲಕ ನಿಮಗೆ ಅಲ್ಲಿ ಪರ್ಮನೆಂಟ್ ಎಸ್ಟಾಬ್ಲಿಷ್‌ಮೆಂಟ್, ಅಂದರೆ ತೆರಿಗೆ ಬೀಳುವ ಕಾಯಂ ವ್ಯಾಪಾರದ ನೆಲೆ ಇದೆ ಎಂದು ಅಲ್ಲಿನ ತೆರಿಗೆಯವರು ಹಿಡಿಯಬಹುದು. ಸಂಬಳ ಕೊಡುವವರು ಬೇರೆಯವರು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ದುಬೈಯಲ್ಲಿ ತೆರಿಗೆಯೇ ಇಲ್ಲ ಅನ್ನುವುದು ಹಳೇ ಮಾತು. 2023ರ ಜೂನ್ 1 ಅಥವಾ ಆನಂತರ ಶುರುವಾದ ಲೆಕ್ಕದ ವರ್ಷಗಳಿಂದ ಅಲ್ಲಿ ಕಾರ್ಪೊರೇಟ್ ತೆರಿಗೆ ಇದೆ. 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ 9. ಹಾಗಾಗಿ ದರಪಟ್ಟಿ, ಡಿಸ್ಕೌಂಟ್ ಮಿತಿ, ಆರ್ಡರ್ ಒಪ್ಪಿಗೆ ಮೂರೂ ಬಳ್ಳಾರಿಯಿಂದಲೇ ಇಮೇಲ್‌ನಲ್ಲಿ ಹೋಗಲಿ. ತೋರಿಕೆಗಲ್ಲ, ನಿಜವಾಗಿಯೂ ನೀವೇ ನೋಡಿ ಒಪ್ಪಬೇಕು. ಅವನ ಕಾರ್ಡಿನ ಮೇಲೆ ‘ಕಂಟ್ರಿ ಹೆಡ್’ ಅಂತ ಅಚ್ಚು ಹಾಕಿಸುವ ಆಸೆ ಬಿಡಿ.

ಇನ್ನು ದುಡ್ಡು. ಸಂಬಳ 8,000 ದಿರ್ಹಮ್, ಅದರೊಳಗೆ ಬೇಸಿಕ್ 4,800 ಅಂದುಕೊಳ್ಳೋಣ. ಒಂದು ವರ್ಷ ತುಂಬಿಸಿದವನಿಗೆ ಗ್ರಾಚ್ಯುಟಿ ಕೊಡಬೇಕು: ಮೊದಲ 5 ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. 4,800 ಭಾಗ 30, ಗುಣಿಸು 21 ಅಂದರೆ ವರ್ಷಕ್ಕೆ 3,360. ತಿಂಗಳಿಗೆ 280 ತೆಗೆದಿಡಿ. ಕೊಟೇಶನ್‌ನಲ್ಲಿ ಈ ಸಾಲು ಕಾಣದಿದ್ದರೆ ಅದು ಕೊನೆಯಲ್ಲಿ ಒಟ್ಟಿಗೇ ಬರುತ್ತದೆ. ಇದರ ಮೇಲೆ ಆರೋಗ್ಯ ವಿಮೆ, ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ. ವರ್ಷಕ್ಕೆ 30 ದಿನ ಸಂಬಳದ ರಜೆ ಬೇರೆ. ವೀಸಾ ಖರ್ಚನ್ನು ಹುಡುಗನ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ, ಕಾನೂನೇ ಬಿಡುವುದಿಲ್ಲ. ಇಒಆರ್ ಫೀ ಅಂತರರಾಷ್ಟ್ರೀಯ ಕಂಪನಿಗಳಲ್ಲಿ ತಿಂಗಳಿಗೆ ಸುಮಾರು 400ರಿಂದ 700 ಡಾಲರ್. ಸಾಮಾನ್ಯವಾಗಿ ಒಂದೆರಡು ತಿಂಗಳ ಸಂಬಳದಷ್ಟು ಡಿಪಾಸಿಟ್ ಕೇಳುತ್ತಾರೆ. ಫೀ ಕಡಿಮೆ ಹೇಳಿದವರು ಡಾಲರ್ ರೇಟಿನಲ್ಲಿ ವಸೂಲಿ ಮಾಡುವುದುಂಟು, ಯಾವ ದಿನದ ಯಾವ ರೇಟು ಅಂತ ಅಗ್ರಿಮೆಂಟಿನಲ್ಲೇ ಬರೆಸಿ.

ಅಗ್ರಿಮೆಂಟಿಗೆ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ವೀಸಾ ಯಾರ ಟ್ರೇಡ್ ಲೈಸೆನ್ಸ್ ಮೇಲೆ ಬರುತ್ತದೆ? ನಿಮ್ಮ ಜೊತೆ ಮಾತಾಡಿದ ಕಂಪನಿ ಅದನ್ನು ಅಲ್ಲಿನ ಇನ್ನೊಬ್ಬರಿಗೆ ದಾಟಿಸುವುದು ಮಾಮೂಲು. ಆ ಇನ್ನೊಬ್ಬರ ಲೈಸೆನ್ಸಿನಲ್ಲಿ ನೌಕರರನ್ನು ಬೇರೆಯವರ ಕೆಲಸಕ್ಕೆ ಕೊಡುವ ಚಟುವಟಿಕೆ ಇದೆಯೋ ಇಲ್ಲವೋ ಪ್ರತಿ ತರಿಸಿ ನೋಡಿ. ಗಿರಾಕಿಗಳ ಪಟ್ಟಿ ಹುಡುಗನ ಹತ್ತಿರ ಇರುತ್ತದೆ, ಆದರೆ ಅವನ ಕರಾರು ಇಒಆರ್ ಜೊತೆಗೆ. ಗೌಪ್ಯತೆಯ ಷರತ್ತು, ಪ್ರತಿಸ್ಪರ್ಧಿಯ ಹತ್ತಿರ ಹೋಗಬಾರದೆಂಬ ಷರತ್ತು (ಅಲ್ಲಿ ಗರಿಷ್ಠ 2 ವರ್ಷ) ನಿಮ್ಮ ಫರ್ಮಿನ ಪರವಾಗಿಯೂ ಇವೆ ಎಂದು ಆ ಕರಾರಿನಲ್ಲೇ ಸೇರಿಸಬೇಕು.

ನಮ್ಮ ಕಡೆ: ಇದು ವಿದೇಶದಿಂದ ಸೇವೆ ಕೊಂಡಂತೆ. ಇಡೀ ಬಿಲ್ಲಿನ ಮೇಲೆ, ಅಂದರೆ ಸಂಬಳ ಸೇರಿಸಿ, ಶೇ 18 ಐಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟಬೇಕು. ಬಟ್ಟೆ, ಜಿಪ್ ಖರೀದಿಯ ಕ್ರೆಡಿಟ್‌ನಲ್ಲಿ ತೀರಿಸಲು ಬರುವುದಿಲ್ಲ, ನಗದೇ ಆಗಬೇಕು. ಕಟ್ಟಿದ್ದಕ್ಕೆ ಕ್ರೆಡಿಟ್ ಸಿಗುತ್ತದೆ, ಎಲ್‌ಯುಟಿ (ಐಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಮೇಲೆ ರಫ್ತು ಮಾಡುವವರಾದರೆ ರೀಫಂಡ್ ಕೇಳಬಹುದು, ಅಲ್ಲಿಯವರೆಗೆ ದುಡ್ಡು ಸಿಕ್ಕಿಕೊಂಡಿರುತ್ತದೆ. ಸೆಲ್ಫ್ ಇನ್‌ವಾಯ್ಸ್, ಅಂದರೆ ಈ ಸೇವೆಗೆ ನೀವೇ ನಿಮಗೆ ಹಾಕಿಕೊಳ್ಳುವ ಜಿಎಸ್‌ಟಿ ಬಿಲ್, ಬರೆಯುವುದನ್ನು ಬಹಳ ಜನ ಮರೆಯುತ್ತಾರೆ. ಅದಕ್ಕೀಗ 30 ದಿನದ ಗಡುವಿದೆ. ದುಡ್ಡು ಕಳಿಸುವಾಗ ಬ್ಯಾಂಕು ಅಗ್ರಿಮೆಂಟ್, ಬಿಲ್ ಜೊತೆಗೆ ಎಲ್ಲರೂ 15ಸಿಎ, 15ಸಿಬಿ ಎಂದೇ ಕರೆಯುವ ಕಾಗದ (ಹೊರದೇಶಕ್ಕೆ ಕಳಿಸುವ ಹಣದ ತೆರಿಗೆ ಬಗ್ಗೆ ನಿಮ್ಮ ಘೋಷಣೆ, ಸಿಎ ಸರ್ಟಿಫಿಕೇಟ್) ಕೇಳುತ್ತದೆ. ಟಿಡಿಎಸ್ ಬೀಳುತ್ತದೋ ಇಲ್ಲವೋ ಎಂಬುದನ್ನು ಮೊದಲ ಬಿಲ್ಲಿಗೆ ಮುಂಚೆಯೇ ಸಿಎ ಕೈಯಲ್ಲಿ ಬರೆಸಿಕೊಳ್ಳಿ. ಅದಕ್ಕೆ ಇಒಆರ್ ಕಂಪನಿಯ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ (ತೆರಿಗೆ ಲೆಕ್ಕದಲ್ಲಿ ಅದು ಆ ದೇಶದ ಕಂಪನಿ ಎಂಬ ಪತ್ರ) ಬೇಕಾಗುತ್ತದೆ.

ಹುಡುಗ ಇಲ್ಲಿಂದಲೇ ಹೋಗುವವನಾದರೆ ಪಾಸ್‌ಪೋರ್ಟ್ ನೋಡಿ. ಎಸ್ಸೆಸ್ಸೆಲ್ಸಿ ಪಾಸಾಗದೆ ಇಸಿಆರ್ (ಎಮಿಗ್ರೇಷನ್ ಚೆಕ್ ಬೇಕಾದ) ಪಾಸ್‌ಪೋರ್ಟ್ ಇದ್ದರೆ ಯುಎಇ ನೌಕರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಡಿಗ್ರಿ ತೋರಿಸುವ ಹುದ್ದೆಯಾದರೆ ರಾಜ್ಯ, ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ ಮೂರೂ ಕಡೆ ಅಟೆಸ್ಟೇಶನ್ ಆಗಬೇಕು. ಬರೀ ಅಪೋಸ್ಟಿಲ್ (ವಿದೇಶಾಂಗ ಇಲಾಖೆ ಅಂಟಿಸುವ ದೃಢೀಕರಣ ಚೀಟಿ) ಸಾಲದು. ವಾರಗಟ್ಟಲೆ ಹಿಡಿಯುವ ಕೆಲಸ ಇದು, ಆಫರ್ ಕೊಟ್ಟ ದಿನವೇ ಶುರು ಮಾಡಿಸಿ.

‘ಮೊದಲು ವಿಸಿಟ್ ವೀಸಾದ ಮೇಲೆ ಕಳಿಸೋಣ, ಮುಂದೆ ನೋಡೋಣ’ ಎನ್ನುವವರ ಮಾತು ಕೇಳಬೇಡಿ. ಪರ್ಮಿಟ್ ಇಲ್ಲದೆ ದುಡಿಸಿದರೆ ಅಲ್ಲಿ ದಂಡ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ.

ಬಿಡಿಸುವ ಪ್ರಸಂಗ ಬಂದರೆ: ಪ್ರೊಬೇಶನ್ ಗರಿಷ್ಠ 6 ತಿಂಗಳು, ಅದರೊಳಗೆ 14 ದಿನದ ಲಿಖಿತ ನೋಟಿಸ್ ಸಾಕು. ಆಮೇಲೆ ಕರಾರಿನಂತೆ 30ರಿಂದ 90 ದಿನ. ಮುಗಿದ 14 ದಿನದೊಳಗೆ ಬಾಕಿ ಎಲ್ಲ ತೀರಬೇಕು. ಇಒಆರ್ ಜೊತೆಗಿನ ನಿಮ್ಮ ಅಗ್ರಿಮೆಂಟಿನ ನೋಟಿಸೂ ಇದಕ್ಕೆ ಹೊಂದುವಂತಿರಲಿ, ಇಲ್ಲದಿದ್ದರೆ ಹುಡುಗ ಊರಿಗೆ ಬಂದ ಮೇಲೂ ಫೀ ಕಟ್ಟುತ್ತಿರುತ್ತೀರಿ.

ದುಬೈಗೆ ಹೊಂದುವುದು ಎಲ್ಲ ದೇಶಕ್ಕೂ ಹೊಂದುವುದಿಲ್ಲ. ಜರ್ಮನಿಯಲ್ಲಿ ಇದೇ ವ್ಯವಸ್ಥೆ ನೌಕರರನ್ನು ಬಾಡಿಗೆಗೆ ಕೊಡುವ ಕಾನೂನಿನಡಿ ಬರುತ್ತದೆ, ಒಬ್ಬನನ್ನು ಒಂದೇ ಕಂಪನಿಗೆ 18 ತಿಂಗಳು ಮೀರಿ ಕೊಡುವಂತಿಲ್ಲ.

ಅಲ್ಲಿ ಮೂರ್ನಾಲ್ಕು ಜನ ಆದಾಗ, ಇಲ್ಲವೇ ಸ್ಟಾಕ್ ಇಡಲೇಬೇಕು ಅನ್ನಿಸಿದಾಗ ನಾನಾದರೆ ಸ್ವಂತ ಕಂಪನಿ ಮಾಡುತ್ತೇನೆ. ಅದು ವಿದೇಶಿ ಹೂಡಿಕೆಯ ಲೆಕ್ಕಕ್ಕೆ ಹೋಗುತ್ತದೆ: 2022ರ ನಿಯಮಗಳಡಿ ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ (ಹೂಡಿಕೆಯ ವಿವರ ಕೊಡುವ ಫಾರ್ಮ್), ಯುಐಎನ್ ನಂಬರ್ (ಆ ಹೂಡಿಕೆಗೆ ರಿಸರ್ವ್ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ), ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ವರದಿ.