ಶಿಲೀಂಧ್ರದ ಜೀನ್ ತಿದ್ದಿ ವಿಟಮಿನ್ ತಯಾರಿಸುತ್ತಾರಂತೆ, ಹೇಗೆ? ಆ ಮಾತ್ರೆಯನ್ನು ಮಕ್ಕಳಿಗೆ ಕೊಡಬಹುದೇ?

ಬಿ-ಕಾಂಪ್ಲೆಕ್ಸ್ ಮಾತ್ರೆಯ ವಿಟಮಿನ್‌ಗಾಗಿ ಶಿಲೀಂಧ್ರಕ್ಕೆ ಯಾವ ಪ್ರಾಣಿಯ ಜೀನ್ ಸೇರಿಸುತ್ತಾರೆ, ಅದು ಮಕ್ಕಳಿಗೆ ಸುರಕ್ಷಿತವೇ ಎಂದು ಕೇಳಿದ್ದೀರಿ. ನಾನು ಶಿಲೀಂಧ್ರಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನನಗೆ ಚೆನ್ನಾಗಿ ಗೊತ್ತಿರುವುದು ಬಿ2, ಅಂದರೆ ರೈಬೋಫ್ಲೇವಿನ್. ಮಾತ್ರೆ ನುಂಗಿದ ಮೇಲೆ ಮೂತ್ರ ಗಾಢ ಹಳದಿಯಾಗುವುದು ಇದರಿಂದಲೇ. ಅದರ ಬಗ್ಗೆಯೇ ಹೇಳುತ್ತೇನೆ.

ಪ್ರಾಣಿಯ ಜೀನ್ ಬೇಕೇ ಇಲ್ಲ. ಆಶ್ಬಿಯಾ ಗಾಸಿಪಿ ಎಂಬ ಶಿಲೀಂಧ್ರ ಹುಟ್ಟಿನಿಂದಲೇ ರೈಬೋಫ್ಲೇವಿನ್ ತಯಾರಿಸುತ್ತದೆ, ಅದೂ ತನಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಮೂಲತಃ ಇದು ಹತ್ತಿ ಬೆಳೆಯ ರೋಗಕಾರಕ. ರಸ ಹೀರುವ ತಿಗಣೆಗಳ ಮೂಲಕ ಕಾಯಿಯೊಳಗೆ ಸೇರಿ ಅರಳೆಯ ಬಣ್ಣ ಕೆಡಿಸುತ್ತದೆ. 1926ರಲ್ಲಿ ಆಶ್‌ಬಿ ಮತ್ತು ನೋವೆಲ್ ಇದನ್ನು ವಿವರಿಸಿದರು. ಪೆಟ್ರಿ ತಟ್ಟೆಯಲ್ಲಿ ಬೆಳೆಸಿದರೆ ಮೊದಲು ಬೆಳ್ಳಗೆ ಹರಡುತ್ತದೆ. ಬೆಳವಣಿಗೆ ನಿಧಾನವಾಗುತ್ತಿದ್ದಂತೆ ನಡುಭಾಗ ಹಳದಿಗೆ ತಿರುಗುತ್ತದೆ. ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದರೆ ಹಸಿರು ಮಿಶ್ರಿತ ಹಳದಿ ಹೊಳಪು. ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಂತೋಷವೇ.

ಹಾಗಾದರೆ ತಿದ್ದುವುದು ಏನನ್ನು? ವಿಟಮಿನ್ ತಯಾರಿಸುವ ಕೊನೆಯ ಕಿಣ್ವಗಳ ಜೀನ್‌ಗಳನ್ನು ಹೆಚ್ಚಿಸಿದರೆ ಸಾಕು ಎಂದು ಹೆಚ್ಚಿನವರು ಭಾವಿಸುತ್ತಾರೆ. ಅದರಿಂದಲೂ ಇಳುವರಿ ಏರುತ್ತದೆ, ನಿಜ. ಆದರೆ ಮೇಲಿನ ತೂಬು ಮುಚ್ಚಿರುವಾಗ ಕಾಲುವೆಯ ಕೊನೆಯ ರೈತ ತನ್ನ ಗದ್ದೆಯ ಬಾಯನ್ನು ಎಷ್ಟು ಅಗಲ ಮಾಡಿಕೊಂಡರೇನು? ಒಂದು ರೈಬೋಫ್ಲೇವಿನ್ ಅಣುವಿಗೆ ಕಚ್ಚಾವಸ್ತುವಾಗಿ ಒಂದು ಜಿಟಿಪಿ ಅಣು ಮತ್ತು ರೈಬ್ಯುಲೋಸ್ ಫಾಸ್ಫೇಟ್ ಎಂಬ ಸಕ್ಕರೆಯ ಎರಡು ಅಣುಗಳು ಬೇಕು. ಜಿಟಿಪಿ ಸಿದ್ಧವಾಗುವುದು ಪ್ಯೂರಿನ್ ಮಾರ್ಗದಲ್ಲಿ, ಅಂದರೆ ಎಟಿಪಿ, ಎಡಿಪಿಯಂಥ ಅಣುಗಳನ್ನೂ ತಯಾರಿಸುವ ಕ್ರಿಯೆಗಳ ಸರಣಿಯಲ್ಲಿ. ಆ ಮಾರ್ಗದ ಆರಂಭದಲ್ಲೇ ಎಡಿಇ4 ಎಂಬ ಜೀನಿನ ಕಿಣ್ವ ಕಾವಲಿಗಿದೆ. ಜೀವಕೋಶದಲ್ಲಿ ಎಟಿಪಿ, ಎಡಿಪಿ ಸಾಕಷ್ಟಿವೆ ಎಂದು ಕಂಡರೆ ಅದು ಕೆಲಸ ತಗ್ಗಿಸುತ್ತದೆ. ಶಿಲೀಂಧ್ರದ ದೃಷ್ಟಿಯಿಂದ ಇದು ಮಿತವ್ಯಯ, ನಮಗೆ ಮಾತ್ರ ಅಡ್ಡಿ.

ಸ್ಪೇನ್‌ನ ಸಲಮಾಂಕಾ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಈ ಕಿಣ್ವದ ಮೂರು ಅಮೈನೋ ಆಮ್ಲಗಳನ್ನು ಬದಲಿಸಿ ಆ ತಡೆಯನ್ನೇ ಕಳಚಿದರು. ಜೊತೆಗೆ ಜೀನ್ ಸದಾ ಚುರುಕಾಗಿರುವಂತೆ ಮಾಡಿದರು. ರೈಬೋಫ್ಲೇವಿನ್ ಸುಮಾರು 10 ಪಟ್ಟು ಹೆಚ್ಚಿತು. ವಿಟಮಿನ್ ಮಾರ್ಗದ ಒಂದು ಕಿಣ್ವವನ್ನೂ ಮುಟ್ಟದೆ ಬಂದ ಫಲ ಇದು. ಚಯಾಪಚಯವನ್ನು, ಅಂದರೆ ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು, ತಿದ್ದುವ ಕೆಲಸದ ಜಾಣ್ಮೆಯೆಲ್ಲ ಇಂಥ ತಡೆ ಎಲ್ಲಿದೆ ಎಂದು ಹುಡುಕುವುದರಲ್ಲಿದೆ ಎನ್ನುವುದು ನನ್ನ ದೃಢ ಅಭಿಪ್ರಾಯ.

ಇನ್ನೊಂದು ತಡೆ ಹೊರಬಾಗಿಲಿನಲ್ಲಿದೆ. ತಯಾರಾದ ವಿಟಮಿನ್‌ನ ಒಂದು ಭಾಗವನ್ನು ಶಿಲೀಂಧ್ರ ತನ್ನ ರಸದಾನಿಯಲ್ಲೇ, ಅಂದರೆ ಜೀವಕೋಶದೊಳಗಿನ ಸಂಗ್ರಹ ಚೀಲದಲ್ಲೇ, ಕೂಡಿಡುತ್ತದೆ. ರಸದಾನಿಗೆ ಆಮ್ಲೀಯತೆ ತುಂಬುವ ಪಂಪಿನ ವಿಎಂಎ1 ಜೀನನ್ನು ತೆಗೆದುಹಾಕಿದಾಗ ಶಿಲೀಂಧ್ರ ಕೂಡಿಡುವುದನ್ನು ಬಿಟ್ಟು ಎಲ್ಲವನ್ನೂ ದ್ರಾವಣಕ್ಕೆ ಹೊರಹಾಕಿತು.

ಜೀನ್ ಕತ್ತರಿಸದೆಯೂ ತಳಿ ಸುಧಾರಿಸಿದ್ದಾರೆ. ಈ ಶಿಲೀಂಧ್ರಕ್ಕೆ ಸೋಯಾ ಎಣ್ಣೆಯಂಥ ಎಣ್ಣೆಗಳನ್ನೇ ಆಹಾರವಾಗಿ ಕೊಡಬಹುದು. ಎಣ್ಣೆಯಲ್ಲಿ ಬದುಕಲು ಐಸೋಸಿಟ್ರೇಟ್ ಲಯೇಸ್ ಎಂಬ ಕಿಣ್ವ ಬೇಕೇ ಬೇಕು. ಇಟಕೋನೇಟ್ ಎಂಬ ರಾಸಾಯನಿಕ ಅದನ್ನು ತಡೆಯುತ್ತದೆ. ಇಟಕೋನೇಟ್ ಬೆರೆಸಿದ ತಟ್ಟೆಯಲ್ಲೂ ಬದುಕುಳಿದ ರೂಪಾಂತರಿಗಳನ್ನು ಆರಿಸಿದಾಗ ಹೆಚ್ಚು ವಿಟಮಿನ್ ಕೊಡುವ ತಳಿಗಳು ಸಿಕ್ಕಿದವು.

ಕಾರ್ಖಾನೆಯ ಲೆಕ್ಕದಲ್ಲೂ ಇದು ಗೆದ್ದಿದೆ. ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್ 1990ರಲ್ಲಿ ಈ ಶಿಲೀಂಧ್ರದಿಂದ ಬಿ2 ತಯಾರಿಸಲು ಆರಂಭಿಸಿ, 1996ರಲ್ಲಿ ತನ್ನ ರಾಸಾಯನಿಕ ವಿಧಾನವನ್ನು ನಿಲ್ಲಿಸಿತು. ಹಲವು ಹಂತಗಳ ರಾಸಾಯನಿಕ ಕ್ರಿಯೆಯ ಜಾಗಕ್ಕೆ ಒಂದೇ ಹುದುಗುವಿಕೆ ಬಂತು. ಹೀಗೆ ಬಂದ ವಿಟಮಿನ್‌ನ ದೊಡ್ಡ ಪಾಲು ಹೋಗುವುದು ಕೋಳಿ, ಹಂದಿಗಳ ಆಹಾರಕ್ಕೆ.

ಈಗ ನಿಮ್ಮ ಮಗುವಿನ ವಿಷಯ. ಹಾಲಿನಲ್ಲಿರುವ ರೈಬೋಫ್ಲೇವಿನ್‌ಗೂ ಶಿಲೀಂಧ್ರದಿಂದ ಬಂದದ್ದಕ್ಕೂ ಅಣುವಿನ ಮಟ್ಟದಲ್ಲಿ ವ್ಯತ್ಯಾಸವಿಲ್ಲ. ಬಾಯಿಯ ಮೂಲೆ ಒಡೆದಿದೆ ಎಂದು ವೈದ್ಯರು ಬರೆದುಕೊಟ್ಟಿದ್ದರೆ ಧೈರ್ಯವಾಗಿ ಕೊಡಿ. ನಿಜವಾಗಿ ಕೇಳಬೇಕಾದದ್ದು ಶುದ್ಧತೆಯ ಪ್ರಶ್ನೆ. ಬಿ2 ಅನ್ನು ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದಲೂ ತಯಾರಿಸುತ್ತಾರೆ. ಚೀನಾದಿಂದ ಬಂದ ಪಶು ಆಹಾರದ ಬಿ2 ಪುಡಿಯಲ್ಲಿ ಕುಲಾಂತರಿ ಬ್ಯಾಸಿಲಸ್ ಜೀವಂತವಾಗಿಯೇ ಉಳಿದಿದ್ದುದು 2014ರಲ್ಲಿ ಜರ್ಮನಿಯಲ್ಲಿ ಪತ್ತೆಯಾಯಿತು. ತಿದ್ದಿದ ತಳಿಯನ್ನು ಗುರುತಿಸಲು ಪ್ರತಿಜೀವಕ ನಿರೋಧಕ ಜೀನ್ ಸೇರಿಸುವ ಪದ್ಧತಿಯಿದೆ. ಅಂಥ ಜೀನ್ ಹೊತ್ತ ಸೂಕ್ಷ್ಮಜೀವಿ ಉತ್ಪನ್ನದಲ್ಲಿ ಉಳಿಯಬಾರದು. ಜೀನನ್ನು ಬಳಿಕ ತೆಗೆದುಹಾಕುವ ವಿಧಾನಗಳಿವೆ, ಸೋಸಿ ಶುದ್ಧೀಕರಿಸುವ ವಿಧಾನಗಳೂ ಇವೆ. ಅವನ್ನು ಪಾಲಿಸಿದ್ದಾರೆಯೇ ಎಂದು ಪರೀಕ್ಷಿಸುವುದು ಸರ್ಕಾರದ ಕೆಲಸ, ಅದನ್ನು ಒತ್ತಾಯಿಸಿ ಕೇಳುವ ಹಕ್ಕು ನಮ್ಮೆಲ್ಲರದು.

ಬಿ12 ಬಗ್ಗೆಯೂ ಕೇಳಿದ್ದಿರಿ. ಅದನ್ನು ಯಾವ ಶಿಲೀಂಧ್ರವೂ ತಾನಾಗಿ ತಯಾರಿಸುವುದಿಲ್ಲ. ಅದು ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಎಂಬ ಇನ್ನೊಂದು ಬಗೆಯ ಏಕಕೋಶ ಜೀವಿಗಳ ಕೆಲಸ.